ಎರಡನೆಯ ಅವತಾರಕ್ಕೊಂದು ಕೆಲಸ

ಪುಣೆಯ ಧನಕವಡಿಯ ನಮ್ಮ ಮನೆಯ ಹಿಂದೆ ಹೊಸ ಕಟ್ಟಡವೊಂದು ಏಳುತ್ತಿದೆ. ಈ ಭಾನುವಾರ ಮಧ್ಯಾಹ್ನ ಅಲ್ಲಿ ಹೊಸ ಸ್ಲ್ಯಾಬಿಗೆ ನೀರು ಬಿಟ್ಟರು. ಹಸಿ ಸಿಮೆಂಟಿನ ವಾಸನೆ ಕಿಟಕಿ ದಾಟಿ ನೇರವಾಗಿ ನನ್ನ ಕಂಪ್ಯೂಟರಿನ ತನಕ ಬಂತು. ನಿಮಗೆ ಅದು ಬರಿಯ ವಾಸನೆ ಇರಬಹುದು. ನನಗೆ ಅದು ಬಂದರೆ ಕೈಯಲ್ಲಿದ್ದ ಕೆಲಸ ಅಲ್ಲಿಗೇ ನಿಲ್ಲುತ್ತದೆ. ಅದೂ ಪರದೆಯ ಮೇಲೆ ಐದು ಚೌಕಗಳು ತೆರೆದುಕೊಂಡು, ಒಂದನ್ನು ಆರಿಸು ಎಂದು ಕಾಯುತ್ತಿರುವ ಹೊತ್ತಿನಲ್ಲಿ.

ಐವತ್ತು ದಾಟಿದ ಹೆಂಗಸು ಪರದೆಯಲ್ಲಿ ಆರಿಸುವುದು ಸೀರೆಯನ್ನೇ ಇರಬೇಕು ಎಂದುಕೊಂಡಿರಾ? ಇಲ್ಲ, ನಾನು ಬಾಹ್ಯಾಕಾಶದಲ್ಲಿ ಹಡಗು ಓಡಿಸುತ್ತೇನೆ. ಈ ಆಟ ಹಚ್ಚಿಕೊಟ್ಟವಳು ಮಗಳು ಪಲ್ಲವಿ. ಊರಿನ ಆಚೆ ಬದಿಯ ಖರಾಡಿಯಲ್ಲಿದ್ದು ಅಲ್ಲಿನ ಒಂದು ಆಸ್ಪತ್ರೆಯಲ್ಲಿ ಫಿಸಿಯೋಥೆರಪಿ ಮಾಡುವ ಅವಳಿಗೆ ಭಾನುವಾರ ಮಾತ್ರ ರಜೆ. ಪುಣೆಯ ಹತ್ತಿರದ ಭೋರ್‌ನಲ್ಲಿರುವ ನನ್ನ ಅಕ್ಕ ಮೊಣಕಾಲಿನ ಆಪರೇಷನ್ ಆಗಿ ಮಲಗಿದ್ದಾಗ, ದೊಡ್ಡಮ್ಮನಿಗೆ ಬೇಸರ ಕಳೆಯಲಿ ಎಂದು ನಮ್ಮಿಬ್ಬರನ್ನೂ ಆಟಕ್ಕೆ ಸೇರಿಸಿದಳು. ಕಿವಿಗೆ ಮೈಕು ಸಿಕ್ಕಿಸಿಕೊಂಡು ಮೂವರೂ ಮಾತಾಡುತ್ತ ಆಡುತ್ತೇವೆ. ಅಕ್ಕನ ಕಾಲು ನೆಟ್ಟಗಾಗಿ ವರ್ಷದ ಮೇಲಾಯಿತು, ಆಟ ನಿಂತಿಲ್ಲ.

ಅಕ್ಕನದು ಗಣಿಯ ಹಡಗು. ತೇಲುವ ಬಂಡೆಗಳನ್ನು ಅಗೆದು ಅದಿರು ತುಂಬಿಕೊಳ್ಳುತ್ತದೆ. ಪಲ್ಲವಿಯದು ಕಾದಾಡುವ ಹಡಗು. ನನ್ನದು ಸಾಗಣೆ: ಅಕ್ಕ ಅಗೆದದ್ದನ್ನು ಹೊತ್ತು ನಿಲ್ದಾಣಕ್ಕೆ ಇಳಿಸುವುದು. ನನಗೆ ಇದು ಹೇಳಿ ಮಾಡಿಸಿದ ಕೆಲಸ. ಹೇಳಿದ್ದನ್ನು ಹೊತ್ತು ಹೇಳಿದಲ್ಲಿ ಇಳಿಸಿದರೆ ಮುಗಿಯಿತು, ನನ್ನಿಂದ ಯಾರ ಪ್ರಾಣಕ್ಕೂ ಸಂಚಕಾರವಿಲ್ಲ. ನಾನು ಎಂಥವಳು ಎಂದರೆ, ಬಸ್ ಸ್ಟಾಪಿನವರೆಗೆ ಹೋದವಳು ಬೀಗ ಜಗ್ಗಿ ನೋಡಲು ಮನೆಗೆ ವಾಪಸು ಬರುತ್ತೇನೆ. ಬೀಗ ನೋಡಿದ ಮೇಲೆ ಗ್ಯಾಸ್ ನೆನಪಾಗುತ್ತದೆ. ಕಾಲೇಜಿನ ಗ್ರಂಥಾಲಯದಲ್ಲಿ ಪುಸ್ತಕ ಕೊಡುವ ನನ್ನ ಕೆಲಸದಲ್ಲೂ ಕಪಾಟಿನ ಕೀಲಿಯನ್ನು ಮೂರು ಸಲ ತಿರುವುತ್ತೇನೆ. ಜವಾನರಿಗೆ ಇದು ಗೊತ್ತಿದೆ. ಮೂರನೆಯದು ಆಗುವ ತನಕ ಅವರು ದೀಪ ಆರಿಸುವುದಿಲ್ಲ.

ಹೋದ ಭಾನುವಾರ ಅಕ್ಕನ ಹಡಗು ಹೋಯಿತು. ಅವಳು ಅಗೆಯುತ್ತಿದ್ದಾಗ ದರೋಡೆಕೋರರು ಎಲ್ಲಿಂದಲೋ ಬಂದರು. ಪಲ್ಲವಿ ತಲುಪುವಷ್ಟರಲ್ಲಿ ಎಂಟು ತಿಂಗಳು ಆಡಿ ಗಳಿಸಿದ ಹಡಗು ಚೂರುಚೂರಾಗಿತ್ತು. ಅಕ್ಕ ಅದಕ್ಕೆ ಗಿಳಿಹಸಿರು ಬಣ್ಣ ಬಳಿದಿದ್ದಳು.

"ಇನ್ನೊಂದು ಹಡಗ ತಗೋತೀನಿ," ಎಂದಳು ಆಮೇಲೆ. "ಅದೂ ಹೋದ್ರ ನಾ ಆಡ್ಲಿಕ್ಕ ಬರೂದಿಲ್ಲ ತಂಗಿ. ಭಾಳ ಬ್ಯಾಸರಾಗ್ತದ."

ಅಕ್ಕ ಒಮ್ಮೆ ಬರುವುದಿಲ್ಲ ಎಂದರೆ ಬರುವುದಿಲ್ಲ. ನನಗೆ ಭಯವಾಯಿತು. ನಾವಿಬ್ಬರೂ ಮನಸ್ಸು ಬಿಚ್ಚಿ ಮಾತಾಡುವುದು ಈ ಆಟದಲ್ಲಿ ಮಾತ್ರ. ಎದುರುಬದುರು ಕೂತರೆ ನನ್ನ ಕಣ್ಣು ಅವಳ ಎಡಗೈಗೆ ಹೋಗುತ್ತದೆ, ಆಮೇಲೆ ನನಗೆ ಮಾತು ಹೊರಡುವುದಿಲ್ಲ. ಆಟದಲ್ಲಿ ಕೈ ಕಾಣುವುದಿಲ್ಲ.

ಒಂದು ವರ್ಷ ಆಡಿದವರಿಗೆ ಈ ಆಟದಲ್ಲಿ ಎರಡನೆಯ ಪಾತ್ರ ಸಿಗುತ್ತದೆ. ಪಾತ್ರಕ್ಕೊಂದು ಕೆಲಸ ಆರಿಸಬೇಕು. ಆರಿಸಿದ ಮೇಲೆ ಬದಲಾಯಿಸುವಂತಿಲ್ಲ ಎಂದು ಕೆಂಪು ಅಕ್ಷರದಲ್ಲಿ ಎಚ್ಚರಿಕೆ ಬೇರೆ. ಈ ಭಾನುವಾರದ ಐದು ಚೌಕಗಳು ಅವೇ: ಕಾದಾಟ, ಸಾಗಣೆ, ಗಣಿ, ದುರಸ್ತಿ, ಕಾವಲು.

"ಮಮ್ಮಿ, ಕಾವಲಿಂದು ತಗೋ," ಎಂದಳು ಪಲ್ಲವಿ. "ಏಕದಂ ಸಿಂಪಲ್ ಅದ. ಗಣಿ ಕಡಿ ಬರೂ ದ್ವಾರದ ಹತ್ರ ಅಡಗಿ ನಿಂದ್ರೂದು, ಯಾರರ ಬಂದ್ರ ದೊಡ್ಡಮ್ಮಗ ಹೇಳೂದು. ಲವ್ಕರ್, ಜಲ್ದಿ ಸಿಲೆಕ್ಟ್ ಮಾಡು."

"ದುರಸ್ತಿ ತಗೋತೀನಿ," ಎಂದೆ.

"ಒಡದ ಮ್ಯಾಲ ದುರಸ್ತಿ ಯಾತಕ್ಕ?" ಎಂದು ಅಕ್ಕ ಭೋರ್‌ನಿಂದ ಕೇಳಿದಳು.

ಅವಳು ಕೇಳಿದ್ದು ಹಡಗಿನ ವಿಷಯ. ನಾನು ಮಾತ್ರ ಸಿಮೆಂಟಿನ ವಾಸನೆಯಲ್ಲಿ ಕೂತು ಬೇರೆಯದನ್ನೇ ಕೇಳಿಸಿಕೊಂಡೆ.

ನಮ್ಮ ಅಪ್ಪ ಮೇಸ್ತ್ರಿ. ಸೇಡಂ ಕಡೆಯ ನಮ್ಮ ಊರಿನಿಂದ ಹನ್ನೆರಡು ಜನರನ್ನು ಕಟ್ಟಿಕೊಂಡು ಪುಣೆಗೆ ಬಂದು ಮನೆ ಕಟ್ಟಿಸುತ್ತಿದ್ದ. ಬೆಳಿಗ್ಗೆ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ, ಮುಖ ನೋಡಿ ಕೆಲಸ ಹಂಚುವುದು ಅವನ ಪದ್ಧತಿ. ಯಾರ ಮುಖದಲ್ಲಿ ಏನು ಕಾಣುತ್ತಿತ್ತೋ, ನೀ ಸಿಮೆಂಟಿನ ಮಾಲು ಕಲಸು, ನೀ ಹಗ್ಗ ಹಿಡಿ ಎಂದು ಬಿಡುತ್ತಿದ್ದ. ಒಮ್ಮೆ ಹೇಳಿದ್ದನ್ನು ಬದಲಾಯಿಸುವ ಮಾತಿರಲಿಲ್ಲ. ನನಗೆ ಆಗ ಹದಿನೇಳು. ಗಂಟಲು ದೊಡ್ಡದಿತ್ತು. ಆದ್ದರಿಂದ ನನಗೆ ಸಿಕ್ಕಿದ್ದು ಕೂಗುವ ಕೆಲಸ.

ಅದೂ ಒಂದು ಕೆಲಸವೇ ಎಂದು ನಗಬೇಡಿ. ಇಟ್ಟಿಗೆಯ ಬುಟ್ಟಿಯನ್ನು ರಾಟೆಯ ಮೇಲೆ ಮಹಡಿಗೆ ಎಳೆಯುವಾಗ, ಗೋಡೆಯ ಹಿಂದೆ ಹಗ್ಗ ಎಳೆಯುವವರಿಗೆ ಮೇಲಿನದು ಕಾಣುವುದಿಲ್ಲ. ಬುಟ್ಟಿಯೂ ಮೇಲಿದ್ದವರೂ ಕಾಣುವಷ್ಟು ದೂರದಲ್ಲಿ ಒಬ್ಬರು ನಿಂತು, ಬುಟ್ಟಿ ಮಹಡಿ ಮುಟ್ಟಿದ ಕೂಡಲೇ "ನಿಂದ್ರು" ಎಂದು ಕೂಗಬೇಕು. ಎಳೆಯುವವರು ನಿಲ್ಲಬೇಕು. ಆಗ ಮೇಲಿದ್ದವಳು ಹಗ್ಗ ಹಿಡಿದು ಬುಟ್ಟಿಯನ್ನು ಒಳಕ್ಕೆ ತೆಗೆದುಕೊಳ್ಳಬೇಕು. ಮೇಲಿದ್ದವಳು ನನ್ನ ಅಕ್ಕ, ಇಪ್ಪತ್ತರ ಹುಡುಗಿ.

ಎದುರಿಗೆ ಒಂದು ಕಾಲೇಜಿತ್ತು. ಆ ದಿನ ಅದರ ಗೇಟಿನ ಮುಂದೆ ನನ್ನಷ್ಟೇ ವಯಸ್ಸಿನ ಹುಡುಗಿಯೊಬ್ಬಳು ಮೊಪೆಡ್ ಕಲಿಯುತ್ತಿದ್ದಳು. ಮುಖಕ್ಕೆ ಓಢಣಿ ಸುತ್ತಿಕೊಂಡಿದ್ದಳು. ಅವಳ ಅಪ್ಪ ಹಿಂದಿನಿಂದ ಹಿಡಿದು ಓಡುತ್ತಿದ್ದವನು ಕೈ ಬಿಟ್ಟ. ಅವಳು ಬೀಳುತ್ತಾಳೋ ಹೋಗುತ್ತಾಳೋ ಎಂದು ನೋಡುತ್ತ ನಿಂತೆ. ಅವಳು ಬೀಳಲಿಲ್ಲ. ನನಗೆ ಎಷ್ಟು ಸಂತೋಷವಾಯಿತೆಂದರೆ, ಅಕ್ಕನ ಚೀರಾಟ ಕೇಳಿದಾಗಲೂ ನನ್ನ ಮುಖದ ಮೇಲೆ ನಗು ಇದ್ದಿರಬೇಕು.

ಬುಟ್ಟಿ ನಿಲ್ಲದೆ ಮೇಲೇರಿತ್ತು. ಹಗ್ಗ ಹಿಡಿದಿದ್ದ ಅಕ್ಕನ ಕೈ ರಾಟೆಯೊಳಗೆ ಹೋಗಿತ್ತು. ಎಡಗೈಯ ಎರಡು ಬೆರಳು ಹೋದವು.

"ಯಾಕ ಕೂಗ್ಲಿಲ್ಲ ನೀ?" ಎಂದು ಅಪ್ಪ ಕೇಳಿದ.

"ಕೂಗಿದ್ದೆ ಅಪ್ಪ," ಎಂದೆ. "ಮಿಕ್ಸರಿನ ಸಪ್ಪಳದಾಗ ಹಗ್ಗದವರಿಗಿ ಕೇಳಿಸಿಲ್ಲ."

ಕಾಂಕ್ರೀಟು ಕಲಸುವ ಮಿಕ್ಸರು ಜೋರಾಗಿ ಓಡುತ್ತಿದ್ದದ್ದು ನಿಜ. ಅಪ್ಪ ನಂಬಿದ. ಮರುದಿನದಿಂದಲೇ ಕೂಗುವುದನ್ನು ನಿಲ್ಲಿಸಿ, ಕೋಲಿಗೆ ಕೆಂಪು ಬಟ್ಟೆ ಕಟ್ಟಿ ಬೀಸುವ ರೂಢಿ ಮಾಡಿದ. ಹಗ್ಗದವರಿಗೂ ಕಾಣಲಿ ಎಂದು ಬಟ್ಟೆ ಬೀಸುವವರನ್ನು ಗೋಡೆಯ ಅಂಚಿಗೆ ನಿಲ್ಲಿಸಿದ. ಅಪ್ಪ ತೀರಿಹೋದ. ನಮ್ಮ ಊರಿನವರು ಇವತ್ತಿಗೂ ಎಲ್ಲಿ ರಾಟೆ ಕಟ್ಟಿದರೂ ಕೆಂಪು ಬಟ್ಟೆ ಕಟ್ಟುತ್ತಾರೆ, ನಮ್ಮ ಮೇಸ್ತ್ರಿ ಹಾಕಿಕೊಟ್ಟ ಶಿಸ್ತು ಎಂದು ಹೊಸಬರಿಗೆ ಹೇಳುತ್ತಾರೆ. ನನ್ನ ಸುಳ್ಳು ಹೀಗೆ ಊರಿನ ಶಿಸ್ತಾಗಿ ಹೋಯಿತು. ಆ ಬಟ್ಟೆ ಕಂಡಲ್ಲೆಲ್ಲ ನಾನು ರಸ್ತೆ ದಾಟಿ ಆಚೆ ಬದಿಯಲ್ಲಿ ನಡೆಯುತ್ತೇನೆ.

ಇಷ್ಟನ್ನೂ ನೆನೆಯುತ್ತ ಎಷ್ಟು ಹೊತ್ತು ಕೂತಿದ್ದೆನೋ. ನಾನು ಯೋಚಿಸಿ ಮುಗಿಸುವ ಹಾಗೆ ಕಾಣುವುದಿಲ್ಲ ಎಂದು ಪಲ್ಲವಿ ಚಹಾ ಕುಡಿಯಲು ಎದ್ದು ಹೋದಳು. ಮೈಕಿನಲ್ಲಿ ನಾವಿಬ್ಬರೇ ಉಳಿದೆವು.

"ಅಂಜಿಕಿ ಬರ್ತದೇನು?" ಎಂದಳು ಅಕ್ಕ.

ಮೂವತ್ತು ಚಿಲ್ಲರೆ ವರ್ಷ ಬಾಯಿಗೆ ಬಾರದ ಮಾತು ಆಗ ಹೊರಗೆ ಬಂತು. "ಅಕ್ಕ, ಅವತ್ತು ನಾ ಕೂಗಿರ್ಲಿಲ್ಲ."

ಅವಳ ಅಡುಗೆಮನೆಯಲ್ಲಿ ಕುಕ್ಕರು ಒಂದು ಸೀಟಿ ಹಾಕಿತು.

"ಗೊತ್ತದ," ಎಂದಳು. "ನಾ ಮ್ಯಾಲ ನಿಂತಿದ್ದೆನಲ್ಲ. ನಿನ್ನ ಮಾರಿ ಕಾಲೇಜಿನ ಕಡಿ ಇತ್ತು."

"ಅಪ್ಪಗ ಯಾಕ ಹೇಳ್ಲಿಲ್ಲ?"

"ಹೇಳಿದ್ರ ನಿನಗ ಊರಿಗಿ ಕಳಸ್ತಿದ್ದ. ನಾ ಒಬ್ಬಾಕಿ ಇಲ್ಲಿ ಇದ್ದು ಏನ್ ಮಾಡ್ಲಿ?"

"ಸಿಟ್ಟು ಬಂದಿರ್ಲಿಲ್ಲೇನು?"

"ಬಂದಿತ್ತಲ್ಲ, ಯಾಕ ಬರೂದಿಲ್ಲ? ಒಂದು ವರ್ಷ ನಿನ್ನ ಸಂಗಟ ಸರಿಯಾಗಿ ಮಾತಾಡಿಲ್ಲ. ನೀ ಅಂಜಿ ನನ್ನ ಕಡಿ ನೋಡ್ತಿದ್ದಿಲ್ಲ, ಹಂಗಾಗಿ ನಿನಗ ಗೊತ್ತಾಗಿಲ್ಲ."

ನಾನು ಅತ್ತೆ. ಅಳು ಮೈಕಿನಲ್ಲಿ ಎಷ್ಟು ಕೆಟ್ಟದಾಗಿ ಕೇಳಿಸುತ್ತದೆ ಎಂಬುದು ನನಗೆ ಗೊತ್ತಿರಲಿಲ್ಲ. ಅವಳು ಸುಮ್ಮನಿರು ಎನ್ನಲಿಲ್ಲ. ಕುಕ್ಕರು ಇಳಿಸಿ ಬಂದಳು.

"ಮತ್ತ ಕಣ್ಣು ತಪ್ಪಿದ್ರ?" ಎಂದೆ.

"ತಪ್ಪಿದ್ರ ಹಡಗ ಹೋಗ್ತದ. ಬೆರಳು ಹೋಗೂದಿಲ್ಲ. ನಿಂದರ್ತೀಯೋ ಇಲ್ಲೋ ಹೇಳು."

ಕಾವಲಿನ ಚೌಕ ಒತ್ತಿದೆ. ಖಚಿತವೇ ಎಂದು ಆಟ ಮತ್ತೊಮ್ಮೆ ಕೇಳಿತು. ಖಚಿತವಿರಲಿಲ್ಲ. ಹೌದು ಎಂದು ಒತ್ತಿದೆ.

ಈಗ ನನ್ನ ಪುಟ್ಟ ಹಡಗು ದ್ವಾರದ ಪಕ್ಕದಲ್ಲಿ ಅಡಗಿ ನಿಂತಿದೆ. ಅಕ್ಕ ಒಳಗೆ ಎಲ್ಲೋ ಹೊಸ ಹಡಗಿನಲ್ಲಿ ಅಗೆಯುತ್ತಿದ್ದಾಳೆ. ಕಪ್ಪು ಪರದೆ ಬಿಟ್ಟು ನನಗೆ ಏನೂ ಕಾಣುವುದಿಲ್ಲ. ಅಂಗೈ ಬೆವರಿ ಮೌಸು ಜಾರುತ್ತಿದೆ. ಕಣ್ಣು ಮಿಟುಕಿಸಲೂ ಹೆದರಿಕೆ. ಇಂಥ ಕಾವಲುಗಾರ್ತಿಯನ್ನು ಬೇರೆ ಯಾರಾದರೂ ಆಗಿದ್ದರೆ ಮೊದಲ ದಿನವೇ ಕೆಲಸದಿಂದ ಬಿಡಿಸುತ್ತಿದ್ದರು. ಮೊದಲು ನಾನು ಒಂದು ಸರಕಿನ ಹಡಗನ್ನು ಕಂಡು ಅಕ್ಕನಿಗೆ ಓಡು ಎಂದೆ. ಆಮೇಲೆ ಯಾರೋ ಹೊಸಬ ದಾರಿ ತಪ್ಪಿ ಬಂದಿದ್ದ, ಅವನನ್ನು ಕಂಡೂ ಓಡು ಎಂದೆ. ಮೂರನೆಯ ಸಲ ಬಂದದ್ದು ಪಲ್ಲವಿಯೇ. ಅವಳು, "ಮಮ್ಮಿ, ಹಿಂಗ ಆದ್ರ ದೊಡ್ಡಮ್ಮ ಅಗಿಯೂದು ಯಾವಾಗ?" ಎಂದು ನಕ್ಕಳು. ನಾಲ್ಕನೆಯ ಸಲ ಏನೂ ಬಂದಿರಲಿಲ್ಲ, ನನಗೇ ಏನೋ ಮಿನುಗಿದ ಹಾಗೆ ಅನಿಸಿತು ಅಷ್ಟೆ.

ನಾಲ್ಕು ಸಲವೂ ಅಕ್ಕ, ಯಾರು ಬಂದರು ಎಂದು ಕೇಳಲಿಲ್ಲ. ಅರ್ಧ ಅಗೆದ ಬಂಡೆಯನ್ನು ಬಿಟ್ಟು, ನಾನು ಹೇಳಿದ ಕೂಡಲೇ ಓಡಿದಳು.