ಮೊದಲು ಓಡುವವನ ಒಂದು ಹೆಜ್ಜೆ

ನಮ್ಮ ಭಾವ ಹಾಕಿ ಆಟ ಆಡಿ ಸಂಸಾರ ನಡೆಸುವವರು. ಹೀಗೆಂದ ಕೂಡಲೇ ಜನ ಕೇಳುವುದು, ಎಷ್ಟು ಗೋಲು ಹೊಡೆದಿದ್ದಾರೆ ಎಂದು. ಭಾವ ಇಷ್ಟು ವರ್ಷಗಳಲ್ಲಿ ಗೋಲು ಹೊಡೆದದ್ದು ಒಂದೇ ಸಲ, ಅದೂ ತಮ್ಮದೇ ತಂಡದ ಗೋಲಿಗೆ, ಚೆಂಡು ಕಾಲಿಗೆ ತಾಗಿ. ಅವರ ಕೆಲಸವೇ ಬೇರೆ.

ಎದುರಾಳಿಗೆ ಪೆನಾಲ್ಟಿ ಕಾರ್ನರ್ ಸಿಕ್ಕಾಗ ಗೋಲ್‌ಕೀಪರನ ಜೊತೆ ನಾಲ್ಕು ಜನ ಗೋಲಿನೊಳಗೆ ಗೆರೆಯ ಹಿಂದೆ ನಿಲ್ಲುತ್ತಾರೆ. ಅತ್ತ ಚೆಂಡು ಕದಲಿದ್ದೇ ತಡ, ಅವರಲ್ಲಿ ಒಬ್ಬ ಎಲ್ಲರಿಗಿಂತ ಮೊದಲು ಹೊರಗೆ ನುಗ್ಗಬೇಕು. ಯಾರು ಚೆಂಡನ್ನು ಬೀಸಿ ಗೋಲಿಗೆ ಎಸೆಯಲಿದ್ದಾನೋ ಅವನ ಕಡೆಗೇ ನೇರವಾಗಿ ಓಡಬೇಕು. ಚೆಂಡು ಕಲ್ಲಿನಷ್ಟು ಗಟ್ಟಿ. ಸ್ಟಿಕ್ಕಿಗೆ ಸಿಕ್ಕರೆ ಸರಿ, ಮೈಗೆ ಸಿಕ್ಕರೂ ಸರಿ, ಒಟ್ಟಿನಲ್ಲಿ ಅದು ಗೋಲಿಗೆ ಹೋಗಬಾರದು. ಹಾಗೆ ಮೊದಲು ಓಡುವವರು ನಮ್ಮ ಭಾವ. ತಂಡದವರು ಅವರನ್ನು 'ಬಂಡೆ' ಎಂದು ಕರೆಯುತ್ತಾರೆ.

ಆ ತಂಡದಲ್ಲಿ ಹಳಬರಿಂದ ಬಂದ ಒಂದು ಪದ್ಧತಿ ಇದೆ. ಕಾರ್ನರ್ ಶುರುವಾಗುವ ಮುಂಚೆ, ಮೊದಲು ಓಡುವವನು ಸ್ಟಿಕ್ಕಿನ ತುದಿಯಿಂದ ಗೋಲ್‌ಕೀಪರನ ಕಾಲಿನ ಪ್ಯಾಡಿಗೆ ಟಪ್ ಟಪ್ ಎಂದು ತಟ್ಟುತ್ತಾನೆ. 'ಬಲಪಕ್ಕ ನನ್ನದು, ನನ್ನ ಮೈ ಅಲ್ಲಿ ಅಡ್ಡ ಇರುತ್ತೆ, ನೀನು ಎಡಪಕ್ಕ ನೋಡ್ಕೋ' ಎಂದು ಅದರ ಅರ್ಥ. ಆ ಸದ್ದು ಕೇಳಿದ ಮೇಲೆ ಗೋಲ್‌ಕೀಪರ್ ಬಲಪಕ್ಕದ ಚಿಂತೆ ಬಿಡುತ್ತಾನೆ. ಬಿಡಲೇಬೇಕು. ಎರಡೂ ಕಡೆ ನೋಡಲು ಹೊರಟರೆ ಎರಡೂ ಕೈಬಿಟ್ಟುಹೋಗುತ್ತವೆ.

ಕಳೆದ ಸೀಸನ್ನಿನ ಕೊನೆಯಲ್ಲಿ ಒಂದು ಚೆಂಡು ಭಾವನ ಮುಖಕ್ಕೆ ಬಂತು. ಓಡುವ ಮುಂಚೆ ಮುಖಕ್ಕೆ ಕಟ್ಟಿಕೊಳ್ಳುವ ಮಾಸ್ಕ್ ಒಡೆಯಲಿಲ್ಲ, ಒಳಗಿದ್ದ ದವಡೆ ಒಡೆಯಿತು. "ಮಾಸ್ಕ್ ತಯಾರಿಸಿದವನಿಗೆ ಶಹಭಾಸ್ ಅನ್ನಬೇಕು, ಅದಕ್ಕೆ ಒಂದು ಗೀರೂ ಬಿದ್ದಿಲ್ಲ" ಎಂದು ಅವರು ಆಸ್ಪತ್ರೆಯಲ್ಲಿ ಚೀಟಿಯ ಮೇಲೆ ಬರೆದು ತೋರಿಸಿದರು. ನಾವೆಲ್ಲ ನಕ್ಕೆವು. ಹಾಲಲ್ಲಿ ನೆನೆಸಿದ ಬ್ರೆಡ್ಡನ್ನೇ ತುಂಬ ದಿನ ತಿಂದು, ಸೊರಗಿ, ಮತ್ತೆ ಮೈದಾನಕ್ಕೆ ಹೋದರು. ದವಡೆ ಕೂಡಿಕೊಂಡಿತ್ತು. ಕೂಡಿಕೊಳ್ಳದೇ ಉಳಿದದ್ದು ಇನ್ನೇನೋ ಇತ್ತು, ಅದು ನಮಗೆ ಆಮೇಲೆ ಗೊತ್ತಾಯಿತು.

ಅದೇ ಹೊತ್ತಿಗೆ ಅಕ್ಕನ ಮಗಳು ಪುಟ್ಟಿಗೆ ಕಾಲೇಜಿನಲ್ಲಿ ಸೀಟು ಸಿಕ್ಕಿತು. ಕಿವಿ ಕೇಳದ ಮಕ್ಕಳಿಗೆ ಮಾತು ಕಲಿಸುವ ವಿದ್ಯೆ, ನಾಲ್ಕು ವರ್ಷದ ಓದು. ನಮ್ಮ ಮನೆಯಲ್ಲಿ ಕಾಲೇಜು ಕಂಡವನು ಅಲ್ಲಿಯವರೆಗೆ ನಾನೊಬ್ಬನೇ ಆದ್ದರಿಂದ ಶುಲ್ಕದ ವಿವರ ನೋಡಲು ನನ್ನನ್ನೇ ಕರೆದರು. ಅಡುಗೆಮನೆಯ ಮೇಜಿನ ಸುತ್ತ ಕೂತಿದ್ದೆವು. ನಾನು ಮತ್ತೆ ಮತ್ತೆ ಓದಿ ನೋಡಿದೆ. ಹೋದ ವರ್ಷಕ್ಕಿಂತ ಕಾಲುಭಾಗ ಏರಿತ್ತು. ಮುಂದಿನ ವರ್ಷವೂ ಏರುತ್ತದೆ, ಅದರ ಮುಂದಿನ ವರ್ಷವೂ ಏರುತ್ತದೆ ಎಂದು ಸಂಕೋಚವಿಲ್ಲದೆ ಅಚ್ಚು ಹಾಕಿಸಿದ್ದರು.

"ನೀನು ಓದುವಾಗ ಇಷ್ಟಿತ್ತೇನೋ?" ಅಕ್ಕ ಕೇಳಿದಳು.

"ಎಲ್ಲಿಯ ಮಾತಕ್ಕ. ನನ್ನ ಇಡೀ ಓದಿನ ಖರ್ಚು ಇವಳ ಒಂದು ವರ್ಷದ ಹಾಸ್ಟೆಲ್ಲಿಗೂ ಸಾಲಲ್ಲ."

"ಹಾಗಾದ್ರೆ ಮಾಮ ಅಗ್ಗದ ಮಾಲು" ಎಂದಳು ಪುಟ್ಟಿ.

ಭಾವ ನಕ್ಕರು. "ಕಟ್ಟೋಣ ಬಿಡೇ. ನಾನಿನ್ನೂ ಆಡ್ತಿದ್ದೀನಲ್ಲ."

ಆಗಲೇ ಅಕ್ಕನ ಕೈಯಿಂದ ಪಾತ್ರೆಯ ಮುಚ್ಚಳ ಜಾರಿ ಕಲ್ಲಿನ ನೆಲಕ್ಕೆ ಬಿತ್ತು. ಠಣ್ ಎಂದ ಸದ್ದಿಗೆ ಭಾವ ಎರಡೂ ಕೈಯಿಂದ ಮುಖ ಮುಚ್ಚಿಕೊಂಡು ಮೇಜಿನ ಕೆಳಗೆ ಬಾಗಿದ್ದರು. ಮುಚ್ಚಳ ನೆಲದ ಮೇಲೆ ಗಿರಗಿರ ತಿರುಗಿ ನಿಂತಿತು. ಅವರು ಮೇಲೆದ್ದು, "ಚಪ್ಪಲಿ ಎಲ್ಲೋ ಸರೀತು" ಎಂದರು. ಅವರ ಕಾಲಲ್ಲಿ ಚಪ್ಪಲಿ ಇರಲಿಲ್ಲ.

ಆ ವಾರವೇ ಪತ್ರಿಕೆಯ ಕ್ರೀಡಾ ಪುಟದಲ್ಲಿ, ಮುಂದಿನ ಸೀಸನ್ನಿಗೆ ತಂಡ ಹೇಗಿರಬಹುದು ಎಂದು ಒಬ್ಬ ವರದಿಗಾರ ಬರೆದಿದ್ದ. ಮುಂಪಡೆ ಗಟ್ಟಿಯಾಗಿದೆಯಂತೆ. ನಡುವಿನವರು ಹುಡುಗರು, ಪಳಗುತ್ತಾರಂತೆ. ರಕ್ಷಣೆಯಲ್ಲಿ ಉಳಿದಿರುವುದು ಒಂದೇ ಜಾಗವಂತೆ. ಅದಕ್ಕೆ ಇಬ್ಬರ ಹೆಸರು. ಒಂದು ನಮ್ಮ ಭಾವನದು, 'ಅನುಭವಿ, ಆದರೆ ವಯಸ್ಸು ಮೂವತ್ತೊಂಬತ್ತು' ಎಂಬ ಬಾಲದ ಸಮೇತ. ಇನ್ನೊಂದು, ತಂಡದವರು 'ಚಿಗರೆ' ಎಂದು ಕರೆಯುವ ಇಪ್ಪತ್ತರ ಹುಡುಗನದು. ಕೊನೆಯ ಅಭ್ಯಾಸ ಪಂದ್ಯ ನೋಡಿ ಕೋಚ್ ತೀರ್ಮಾನ ಮಾಡುತ್ತಾರೆ ಎಂದು ಬರಹ ಮುಗಿದಿತ್ತು. ಅಕ್ಕ ಅದನ್ನು ಓದಿ, ಮಡಚಿ, ಒಲೆ ಒರೆಸುವ ಬಟ್ಟೆಯ ಕೆಳಗೆ ತುರುಕಿದಳು. ಮನೆಯಲ್ಲಿ ಎಲ್ಲರೂ ಅದನ್ನು ಓದಿದ್ದರು, ಓದಿಲ್ಲವೆಂಬಂತೆ ಓಡಾಡುತ್ತಿದ್ದರು.

ಭಾವನ ಹೆದರಿಕೆ ಒಂದಲ್ಲ, ಎರಡು. ಒಂದನ್ನು ಎಲ್ಲರೂ ಬಲ್ಲರು: ತಂಡದಲ್ಲಿ ಜಾಗ ಹೋದರೆ ಮಗಳ ಓದು ಹೋಗುತ್ತದೆ. ಇನ್ನೊಂದನ್ನು ಅವರು ಯಾರಿಗೂ ಹೇಳಿರಲಿಲ್ಲ. ಚೆಂಡು ಬೀಸುವವನ ಸ್ಟಿಕ್ ಬಾಗಿದ ಕೂಡಲೇ ಅವರ ಕಣ್ಣು ತಾನಾಗಿ ಮುಚ್ಚಿಕೊಳ್ಳುತ್ತಿತ್ತು, ಕಾಲು ತಾನಾಗಿ ಒಂದು ಹೆಜ್ಜೆ ಆಚೆಗೆ ಸರಿಯುತ್ತಿತ್ತು. ದೂರದಿಂದ ನೋಡುವವರಿಗೆ ಬಂಡೆ ಎಂದಿನಂತೆ ನುಗ್ಗಿದ ಹಾಗೇ ಕಾಣುತ್ತಿತ್ತು. ಆದರೆ ಆ ಒಂದು ಹೆಜ್ಜೆಯಷ್ಟು ಜಾಗದಲ್ಲಿ ಚೆಂಡು ಸಲೀಸಾಗಿ ನುಸುಳಿ ಬರುತ್ತಿತ್ತು. ಸರಿಯುತ್ತೇನೆಂದು ಗೊತ್ತಿದ್ದೂ ಅವರು ಪ್ರತಿ ಸಲ ಪ್ಯಾಡಿಗೆ ತಟ್ಟುತ್ತಿದ್ದರು. ತಟ್ಟದಿದ್ದರೆ ಗುಟ್ಟು ರಟ್ಟಾಗುತ್ತದಲ್ಲ.

ಕೊನೆಯ ಅಭ್ಯಾಸ ಪಂದ್ಯಕ್ಕೆ ನಾನೂ ಹೋಗಿದ್ದೆ. ಗೋಲಿನ ಹಿಂದಿನ ಬಲೆಯ ಆಚೆ, ನೀರು ಚಿಮುಕಿಸುವ ಕೊಳವೆಯ ಪಕ್ಕ ನಿಂತಿದ್ದೆ. ಟರ್ಫಿನ ಕೃತಕ ಹುಲ್ಲು ಒದ್ದೆಯಾಗಿತ್ತು. ಕೋಚ್ ಎದುರಿನ ಕಲ್ಲುಮೆಟ್ಟಿಲ ಮೇಲೆ ಒಬ್ಬರೇ ಕೂತಿದ್ದರು. ಅವರೂ ಒಂದು ಕಾಲದಲ್ಲಿ ಇದೇ ತಂಡದಲ್ಲಿ ರಕ್ಷಣೆಗೆ ನಿಂತವರು. ಮೂಗು ಎರಡು ಕಡೆ ಸೊಟ್ಟಗಾಗಿ ಕೊನೆಗೆ ನೇರವಾದವರು ಎಂದು ಹುಡುಗರು ತಮಾಷೆ ಮಾಡುತ್ತಿದ್ದರು.

ಮೊದಲ ಕಾರ್ನರ್ ಬಂತು. ಭಾವ ಮಾಸ್ಕ್ ಕಟ್ಟಿಕೊಂಡರು. ಟಪ್ ಟಪ್. ಗೋಲ್‌ಕೀಪರ್ ಎಡಕ್ಕೆ ವಾಲಿ ನಿಂತ. ಚೆಂಡು ಕದಲಿತು, ಭಾವ ನುಗ್ಗಿದರು, ಕಾಲು ಒಂದು ಹೆಜ್ಜೆ ಸರಿಯಿತು. ಬಲಪಕ್ಕದಿಂದ ಎದೆಯೆತ್ತರಕ್ಕೆ ಸಿಡಿದು ಬಂದ ಚೆಂಡಿಗೆ ಗೋಲ್‌ಕೀಪರ್ ಕೊನೆಯ ಗಳಿಗೆಯಲ್ಲಿ ತಿರುಗಿದ. ಅದು ಅವನ ಕತ್ತಿನ ಬುಡದಲ್ಲಿ, ಕವಚ ಮುಗಿದು ಮೈ ಶುರುವಾಗುವ ಕಡೆ ಬಡಿಯಿತು. ಒಣ ಕಟ್ಟಿಗೆ ಮುರಿದಂಥ ಸದ್ದು ನನಗೆ ಕೇಳಿಸಿತು. ಅವನು ಮಂಡಿಯೂರಿ ಕೂತ. ಮಾಸ್ಕ್ ಕಳಚಿ ಹಿಂದಿರುಗಿ ಓಡಿಬಂದ ಭಾವನ ಮುಖ ನೋಡಿದೆ. ಪೆಟ್ಟು ತಿಂದವನಿಗಿಂತ ಅವರೇ ಬಿಳಿಚಿಕೊಂಡಿದ್ದರು.

ಮೂಳೆ ಮುರಿದಿರಲಿಲ್ಲ. ಗೋಲ್‌ಕೀಪರ್ ಎದ್ದ. ವಿರಾಮದಲ್ಲಿ ಅವನು ನನ್ನ ಪಕ್ಕದಲ್ಲೇ ಇದ್ದ ಕುಡಿಯುವ ನೀರಿನ ನಲ್ಲಿಯ ಹತ್ತಿರ ಭಾವನನ್ನು ತಡೆದು ನಿಲ್ಲಿಸಿದ. ಹೆಗಲ ಮೇಲೆ ಮಂಜುಗಡ್ಡೆಯ ಚೀಲ ಇತ್ತು.

"ಎಷ್ಟು ದಿನದಿಂದ, ಬಂಡೆ?"

"ಏನು ಎಷ್ಟು ದಿನದಿಂದ?"

"ನನ್ನ ಹತ್ರ ಬೇಡ ಆ ನಾಟಕ. ನಿನ್ನ ಹಿಂದೆ ನಿಲ್ಲೋನು ನಾನು. ನಿನ್ನ ಬೆನ್ನು ನಿನ್ನ ಹೆಂಡತಿಗಿಂತ ಜಾಸ್ತಿ ನೋಡಿದೀನಿ." ಅಂಗಿ ಎತ್ತಿ ಪಕ್ಕೆ ತೋರಿಸಿದ. ಹಳದಿ, ನೇರಳೆ, ಹಸಿರು, ಎಲ್ಲ ಬಣ್ಣದ ಕಲೆಗಳಿದ್ದವು. "ಇವೆಲ್ಲ ನಿಂದೇ ಕೊಡುಗೆ."

ಭಾವ ನಲ್ಲಿ ತಿರುಗಿಸಿದರು. ನೀರು ಕುಡಿಯಲಿಲ್ಲ. "ಮಗಳಿಗೆ ಸೀಟು ಸಿಕ್ಕಿದೆ ಕಣೋ."

"ಸಂತೋಷ. ನನಗೂ ಒಬ್ಬ ಮಗ ಇದಾನೆ. ಅವನಿಗೆ ಅಪ್ಪ ಬೇಕಂತೆ."

ಭಾವ ನಲ್ಲಿ ನಿಲ್ಲಿಸಿದರು. ಆಮೇಲೆ ಗೋಲ್‌ಕೀಪರನೇ ದನಿ ತಗ್ಗಿಸಿ ಹೇಳಿದ, "ಹೆದರ್ಕೋಬೇಡ ಅಂತ ಯಾರು ಹೇಳಿದ್ರು ನಿಂಗೆ? ಹೆದರ್ಕೋ. ತಟ್ಟಿ ಹೆದರ್ಕೋಬೇಡ, ಅಷ್ಟೇ. ನೀನು ತಟ್ಟದೇ ಇದ್ರೆ ಎರಡೂ ಪಕ್ಕ ನಂದೇ ಅಂತ ನಾನು ನಡುವೆ ನಿಲ್ತೀನಿ. ತಟ್ಟಿದ್ರೆ ನಿನ್ನ ನಂಬ್ತೀನಿ. ಮೂರ್ಖ ನಾನು, ಇವತ್ತಿಗೂ ನಂಬ್ತೀನಿ."

ಎರಡನೇ ಅರ್ಧದಲ್ಲಿ ತುಂಬ ಹೊತ್ತು ಕಾರ್ನರ್ ಬರಲಿಲ್ಲ. ಬರದೇ ಇರಲಿ ಎಂದು ನಾನು ಬಲೆಯ ಹಗ್ಗವನ್ನು ಬಿಗಿಯಾಗಿ ಹಿಡಿದುಕೊಂಡಿದ್ದೆ. ಆದರೆ ಬಂತು. ಕೋಚ್ ಅಷ್ಟು ಹೊತ್ತಿಗೆ ಮೆಟ್ಟಿಲು ಇಳಿದು ಗೋಲಿನ ಪಕ್ಕಕ್ಕೇ ಬಂದು ನಿಂತಿದ್ದರು. ಭಾವ ಗೆರೆಯ ಹಿಂದೆ ನಿಂತರು. ಮಾಸ್ಕಿನ ಪಟ್ಟಿಯನ್ನು ಮತ್ತೆ ಮತ್ತೆ ಬಿಗಿದುಕೊಂಡರು. ಸ್ಟಿಕ್ ಪ್ಯಾಡಿನ ಹತ್ತಿರ ಹೋಯಿತು. ಅಲ್ಲೇ ನಿಂತಿತು. ಗೋಲ್‌ಕೀಪರ್ ತಲೆ ತಿರುಗಿಸದೆ ಕಾಯುತ್ತಿದ್ದ. ಅವರು ತಟ್ಟಿದರೆ ಕೋಚ್‌ಗೆ ಏನೂ ತಿಳಿಯದು, ಜಾಗ ಉಳಿಯುತ್ತದೆ. ತಟ್ಟದಿದ್ದರೆ ಆ ಒಂದು ಮೌನವನ್ನು ಅರ್ಥ ಮಾಡಿಕೊಳ್ಳಬಲ್ಲ ಮನುಷ್ಯ ಹತ್ತಡಿ ದೂರದಲ್ಲಿ ನಿಂತಿದ್ದಾರೆ.

ಭಾವ ಸ್ಟಿಕ್ ಹಿಂದಕ್ಕೆ ಎಳೆದುಕೊಂಡರು. ತಟ್ಟಲಿಲ್ಲ.

ಗೋಲ್‌ಕೀಪರ್ ಒಂದು ಅರೆಹೆಜ್ಜೆ ನಡುವಿಗೆ ಸರಿದ. ಚೆಂಡು ಕದಲಿತು, ಭಾವ ನುಗ್ಗಿದರು, ಕಣ್ಣು ಮುಚ್ಚಿತು, ಕಾಲು ಸರಿಯಿತು. ಬಲಪಕ್ಕಕ್ಕೇ ಬಂದ ಚೆಂಡನ್ನು ಗೋಲ್‌ಕೀಪರ್ ಕಾಲು ಚಾಚಿ ಒದ್ದು ಹೊರಗೆ ಹಾಕಿದ. ಮೈದಾನದ ಆಚೆ ಬದಿಯಿಂದ ಯಾರೋ "ಬಂಡೆ ನುಗ್ಗಿದ್ದು ನೋಡ್ರೋ!" ಎಂದು ಕೂಗಿ ಚಪ್ಪಾಳೆ ಹೊಡೆದರು.

ಪಂದ್ಯ ಮುಗಿದ ಮೇಲೆ ಕೋಚ್ ನಮ್ಮ ಕಡೆಗೇ ಬಂದರು. "ಯಾಕಯ್ಯಾ ತಟ್ಟಲಿಲ್ಲ?"

'ಮರೆತುಹೋಯ್ತು ಸಾರ್' ಎಂಬ ಮಾತು ತುಟಿಯವರೆಗೆ ಬಂದಿತ್ತಂತೆ, ಭಾವ ಆಮೇಲೆ ನನಗೆ ಹೇಳಿದರು. ಗೋಲ್‌ಕೀಪರ್ ಬೂಟಿನ ದಾರ ಬಿಚ್ಚುತ್ತಾ ತಲೆ ಬಗ್ಗಿಸಿ ಕೂತಿದ್ದ. ಅವನು ಬಾಯಿ ಬಿಡುವವನಲ್ಲ.

"ಹೆದರಿಕೆ ಆಗುತ್ತೆ ಸಾರ್. ಆ ಪೆಟ್ಟು ಬಿದ್ದಾಗಿಂದ. ಚೆಂಡಿಗೆ ಅಡ್ಡ ನಿಲ್ಲದೆ ಪಕ್ಕಕ್ಕೆ ಸರೀತೀನಿ."

"ಚಿಗರೆಗೆ ಹೆದರಿಕೆ ಇಲ್ಲ."

"ಅವನಿಗಿನ್ನೂ ತಾಗಿಲ್ಲ ಸಾರ್."

ಕೋಚ್ ನಗಲಿಲ್ಲ. ತಮ್ಮ ಮೂಗನ್ನು ಒಮ್ಮೆ ಸವರಿಕೊಂಡು, "ತಂಡದ ವಿಷಯ ಫೋನ್ ಮಾಡಿ ಹೇಳ್ತೀನಿ" ಎಂದು ಹೊರಟುಹೋದರು.

ಮನೆಗೆ ಬಂದು ಭಾವ ಎಲ್ಲವನ್ನೂ ಹೇಳಿಬಿಟ್ಟರು. ಅಕ್ಕ ನಿಂತಲ್ಲೇ ಕುರ್ಚಿ ಹಿಡಿದುಕೊಂಡಳು. "ರೀ, ಒಂದು ಮಾತು ನನಗಾದ್ರೂ ಹೇಳಬಾರದಿತ್ತಾ?"

"ನಂಗೆ ಗೊತ್ತಿತ್ತು" ಎಂದಳು ಪುಟ್ಟಿ. ಎಲ್ಲರೂ ಅವಳ ಕಡೆ ತಿರುಗಿದೆವು. "ಅಪ್ಪ ಕಣ್ಣು ಮುಚ್ಚೋದು ಅಭ್ಯಾಸ ಪಂದ್ಯದ ವಿಡಿಯೋದಲ್ಲಿ ಕಾಣುತ್ತೆ. ಒಂದೇ ಸಲ ನೋಡಿದ್ದು, ಆಮೇಲೆ ಕಾರ್ನರ್ ಬಂದಾಗೆಲ್ಲ ನಾನೂ ಕಣ್ಣು ಮುಚ್ಕೊಳ್ತಿದ್ದೆ." ಅವಳು ಅಂಗೈಯಿಂದ ಮೂಗು ಒರೆಸಿಕೊಂಡಳು. ಆದರೂ ಬಿಡಲಿಲ್ಲ. "ಅಪ್ಪನೂ ನೋಡಲ್ಲ, ಮಗಳೂ ನೋಡಲ್ಲ. ಆಟ ನೋಡೋರು ಯಾರು ಮತ್ತೆ?"

ಭಾವ ನಗಲು ಹೋಗಿ ಅತ್ತರು. ಅವರು ಅತ್ತದ್ದನ್ನು ನಾನು ಕಂಡದ್ದು ಅದೇ ಮೊದಲು.

ಆಮೇಲಿನ ದಿನಗಳಲ್ಲಿ ಫೋನ್ ಸದ್ದು ಮಾಡಿದರೆ ಸಾಕು, ಮನೆಯೇ ಬೆಚ್ಚುತ್ತಿತ್ತು. ಒಮ್ಮೆ ಗ್ಯಾಸ್ ತರುವವನ ಫೋನ್. ಒಮ್ಮೆ ಯಾರಿಗೋ ಮಾಡಿದ ತಪ್ಪು ಕರೆ. ಅಕ್ಕ ಆ ಅಪರಿಚಿತನಿಗೆ ಬೈದೇಬಿಟ್ಟಳು. ಕಾಲೇಜಿಗೆ ಒಪ್ಪಿಗೆ ತಿಳಿಸುವ ಗಡುವು ಹತ್ತಿರ ಬರುತ್ತಿತ್ತು. ಪುಟ್ಟಿ ಆ ಮಾತನ್ನೇ ಎತ್ತುತ್ತಿರಲಿಲ್ಲ. ಅವಳು ಎತ್ತದಿರುವುದೇ ಭಾವನಿಗೆ ಹೆಚ್ಚು ದಿಗಿಲು.

ಕೋಚ್ ಫೋನ್ ಮಾಡಿದ್ದು ಒಂದು ಬೆಳಿಗ್ಗೆ, ಭಾವ ಹಲ್ಲುಜ್ಜುತ್ತಿದ್ದಾಗ. ಬಾಯಲ್ಲಿ ನೊರೆ ಇಟ್ಟುಕೊಂಡೇ ಕೇಳಿಸಿಕೊಂಡರು. ಮೊದಲು ಓಡುವವನು ಇನ್ನು ಚಿಗರೆ. ಭಾವನನ್ನು ಒಂದು ಸೀಸನ್ನಿಗೆ ಮಾತ್ರ, ಕಡಿಮೆ ಸಂಬಳಕ್ಕೆ, ಮೀಸಲು ಆಟಗಾರನಾಗಿ ಇಟ್ಟುಕೊಳ್ಳುತ್ತಾರೆ. ಆಡಲು ಇಳಿದಾಗ ಕಾರ್ನರಿನಲ್ಲಿ ಓಡುವುದು ಬೇಡ, ಗೋಲಿನ ಬಲಗಡೆಯ ಕಂಬದ ಪಕ್ಕ ನಿಂತು ಕಾಯಬೇಕು. "ಹೆದರಿಕೆ ಇಲ್ಲ ಅಂತ ಸುಳ್ಳು ಹೇಳೋರು ನನ್ನ ಹತ್ರ ಬೇಕಾದಷ್ಟು ಜನ ಇದಾರೆ" ಎಂದು ಹೇಳಿ ಕೋಚ್ ಫೋನ್ ಇಟ್ಟರಂತೆ.

ನಾನು ಲೆಕ್ಕ ಹಾಕಿದೆ. ಮೊದಲ ವರ್ಷದ ಶುಲ್ಕಕ್ಕೆ ಆಗುತ್ತಿತ್ತು, ಹಾಸ್ಟೆಲ್ಲಿಗೆ ಆಗುತ್ತಿರಲಿಲ್ಲ. ಪುಟ್ಟಿ ಬಸ್ಸಿನಲ್ಲೇ ಹೋಗಿ ಬರುತ್ತೇನೆಂದಳು. ಎರಡು ಬಸ್ ಬದಲಾಯಿಸಬೇಕು. ಹೊರಡುವಾಗಲೂ ಕತ್ತಲೆ, ಮರಳುವಾಗಲೂ ಕತ್ತಲೆ. ಎರಡನೇ ವರ್ಷದ ಮಾತು ಯಾರೂ ಆಡಲಿಲ್ಲ. ಆಡಿದರೆ ಅದು ಬೇಗ ಬಂದುಬಿಡುತ್ತದೆ ಎಂಬಂತೆ.

ಹೊಸ ಸೀಸನ್ನಿನ ಮೊದಲ ಅಭ್ಯಾಸದ ದಿನ ಪುಟ್ಟಿಯೂ ನನ್ನ ಜೊತೆ ಬಲೆಯ ಹಿಂದೆ ನಿಂತಿದ್ದಳು. ಕಂಬದ ಪಕ್ಕ ನಿಲ್ಲುವುದು ಸುಲಭದ ಕೆಲಸವೆಂದು ನಾನು ಅಂದುಕೊಂಡಿದ್ದೆ. ಹಾಗಲ್ಲ. ಓಡುವವನಾದರೂ ಸರಿದುಕೊಳ್ಳಬಹುದು, ಕಂಬದವನು ಸರಿದರೆ ಅಲ್ಲಿ ಬರಿ ಗೋಲು. ನಿಂತಲ್ಲೇ ನಿಂತು, ಕಣ್ಣು ತೆರೆದು, ತನ್ನ ಕಡೆ ಬರುವುದನ್ನು ನೋಡುತ್ತಿರಬೇಕು. ಭಾವ ಅವತ್ತಿನ ಹಾಗೆಯೇ ಮಾಸ್ಕಿನ ಪಟ್ಟಿಯನ್ನು ಮತ್ತೆ ಮತ್ತೆ ಬಿಗಿದುಕೊಳ್ಳುತ್ತಿದ್ದರು.

ಚಿಗರೆ ಬಂದು ಗೋಲ್‌ಕೀಪರನ ಪ್ಯಾಡಿಗೆ ಜೋರಾಗಿ ತಟ್ಟಿದ. ಕಂಬದವನು ತಟ್ಟುವ ಪದ್ಧತಿ ಆ ತಂಡದಲ್ಲಿ ಇರಲಿಲ್ಲ. ಆದರೂ ಭಾವ ತಮ್ಮ ಸ್ಟಿಕ್ ಚಾಚಿ, ಇನ್ನೊಂದು ಪ್ಯಾಡಿಗೆ ಮೆಲ್ಲಗೆ ಟಪ್ ಟಪ್ ಎಂದರು.

ಗೋಲ್‌ಕೀಪರ್ ತಲೆ ತಿರುಗಿಸಲಿಲ್ಲ. "ಕೇಳಿಸ್ತು ಬಂಡೆ" ಎಂದ.

ಅತ್ತ ಚೆಂಡು ಕದಲಿತು. ಪುಟ್ಟಿಯ ಬೆರಳುಗಳು ನನ್ನ ತೋಳನ್ನು ಕಚ್ಚಿ ಹಿಡಿದವು. ಅವಳ ಕಡೆ ನೋಡಿದೆ. ಕಣ್ಣು ತೆರೆದೇ ಇತ್ತು.