ಭಾಲ್ಕಿ ಗಿರಣಿಯ ಒಂದು ತಾಸು

ನನ್ನ ಗೆಳೆಯನಿಗೆ ಶೇರ್ವಾನಿ ಚೆನ್ನಾಗಿ ಒಪ್ಪುತ್ತಿತ್ತು. ಇಷ್ಟು ವರ್ಷಗಳ ಮೇಲೂ ಈ ಮಾತನ್ನು ಹೊಟ್ಟೆಕಿಚ್ಚಿಲ್ಲದೆ ಬರೆಯಲಾರೆ. ಅದರ ಬಣ್ಣ ಬೂದು ಎಂದು ನೆನಪು. ಕಂದು ಇದ್ದರೂ ಇರಬಹುದು. ಅದನ್ನು ಅವನು ಸ್ವಂತ ದುಡ್ಡಿನಿಂದ ಹೊಲಿಸಿರಲಿಲ್ಲ ಎಂಬುದು ಮಾತ್ರ ಖಾತ್ರಿ.

ನಾವಿಬ್ಬರೂ ಹೈದರಾಬಾದಿನ ವಿಶ್ವವಿದ್ಯಾಲಯದಲ್ಲಿ ಓದಿ ಬೀದರಿಗೆ ಮರಳಿದವರು, ಒಂದೇ ಬಾಡಿಗೆ ಕೋಣೆಯಲ್ಲಿದ್ದವರು. ಪರೀಕ್ಷೆಯಲ್ಲಿ ನಾನೇ ಮುಂದಿದ್ದೆ. ನಿಜಾಮರ ರಾಜ್ಯದಲ್ಲಿ ಕಚೇರಿಯ ಕಾಗದವೆಲ್ಲ ಉರ್ದುವಿನಲ್ಲಿ; ನನ್ನ ಉರ್ದು ಅವನದಕ್ಕಿಂತ ಚೊಕ್ಕಟ. ಆದರೂ ಭಾಲ್ಕಿಯ ಹತ್ತಿ ಗಿರಣಿಯ ಕೂಲಿಗಳು ಸಂಘ ಕಟ್ಟಿದಾಗ ಕಾರ್ಯದರ್ಶಿಯಾದವನು ಅವನು. ಅವನು ಮಾತಿಗೆ ನಿಂತರೆ ಜನ ನಗುತ್ತಿದ್ದರು, ಕಣ್ಣೊರೆಸಿಕೊಳ್ಳುತ್ತಿದ್ದರು. ನಾನು ನಿಂತರೆ ಬೀಡಿ ಹಚ್ಚುತ್ತಿದ್ದರು.

ಸಂಘದ ಬೇಡಿಕೆ ಒಂದೇ: ಮಧ್ಯಾಹ್ನ ಒಂದು ತಾಸು ಯಂತ್ರ ನಿಲ್ಲಬೇಕು. ಗಿರಣಿಯೊಳಗೆ ಅರಳೆಯ ಧೂಳು ಎಷ್ಟು ದಟ್ಟವಾಗಿರುತ್ತಿತ್ತೆಂದರೆ ಪಕ್ಕದವರ ಮುಖ ಕಾಣುತ್ತಿರಲಿಲ್ಲ. ದುಡಿಯುವವರಲ್ಲಿ ಹೆಂಗಸರೇ ಹೆಚ್ಚು. ಯಂತ್ರದ ಮುಂದೆಯೇ ಬುತ್ತಿ ಬಿಚ್ಚಬೇಕು. ಅವರೆಲ್ಲರ ಪರವಾಗಿ ಮಾತಾಡುತ್ತಿದ್ದ ಮುದುಕಿಯೊಬ್ಬಳಿದ್ದಳು.

“ರೊಟ್ಟಿ ತಿನ್ಲತ್ತೇವೋ ಹತ್ತಿ ತಿನ್ಲತ್ತೇವೋ ತಿಳಿವಲ್ದರಿ,” ಎಂದಿದ್ದಳು. “ನನ್ನ ಸೊಸಿ ಕೆಮ್ಮಿ ಕೆಮ್ಮಿ ನೀಲಿ ಆಗ್ತಾಳ. ಪಗಾರ ಹೆಚ್ಚಿಗಿ ಬ್ಯಾಡ್ರಿ. ಒಂದ್ ತಾಸ್ ಹೊರಗ ಕುಂದ್ರಾಕ ಬಿಡ್ರಿ, ಸಾಕು.”

ಅದೇ ಹೊತ್ತಿಗೆ ಔರಾದದ ಹತ್ತಿ ಸಾಹುಕಾರರೊಬ್ಬರು ಸಂಘಕ್ಕೆ ದಾನಿಯಾಗಿ ಒದಗಿದರು. ಮೊದಲು ಸಂಘಕ್ಕೊಂದು ತಗಡಿನ ಕೋಣೆ ಕೊಟ್ಟರು, ಆಮೇಲೆ ನನ್ನ ಗೆಳೆಯನಿಗೆ ಸೈಕಲ್ಲು, ಆಮೇಲೆ ಶೇರ್ವಾನಿ. ಬೀದರಿನ ಬಲ್ದಿಯಾಕ್ಕೆ, ಅಂದರೆ ಪುರಸಭೆಗೆ, ಅವನನ್ನು ಸದಸ್ಯನನ್ನಾಗಿ ಮಾಡಿಸುವ ಮಾತೂ ಬಂತು. ಭಾಲ್ಕಿ ಗಿರಣಿಗೆ ಬರುವ ಹತ್ತಿಯಲ್ಲಿ ಮುಕ್ಕಾಲು ಪಾಲು ಆ ಸಾಹುಕಾರರದೇ. ಯಂತ್ರ ನಿಂತರೆ ನಷ್ಟ ಯಾರಿಗೆ ಎಂದು ಒಂದು ದಿನ ಗೆಳೆಯನನ್ನು ಕೇಳಿದೆ.

“ಕೊಟ್ಟವ್ರ ಕೈ ನೋಡ್ಬೇಕೋ, ಮೂಗು ನೋಡಬಾರ್ದು,” ಎಂದು ನಕ್ಕ. “ನಿನಗ ಹೊಟ್ಟಿಕಿಚ್ಚ್ ಅದ. ಮಜ್ಜಿಗಿ ಕುಡಿ.”

ಹೊಟ್ಟೆಕಿಚ್ಚು ಇದ್ದದ್ದು ನಿಜ. ಆದರೆ ನನ್ನ ಪ್ರಶ್ನೆಗೆ ಅದು ಉತ್ತರವಾಗಿರಲಿಲ್ಲ.

ಒಮ್ಮೆ ಅವನ ಜೊತೆ ನಾನೂ ಔರಾದಕ್ಕೆ ಹೋಗಿದ್ದೆ. ಸಾಹುಕಾರರು ಅವನಿಗೆ ತಮ್ಮ ಪಕ್ಕದಲ್ಲೇ ಮಣೆ ಹಾಕಿಸಿದರು. ನನ್ನನ್ನು ತೋರಿಸಿ, “ಇವ್ರು ನಿಮ್ಮ ಕಾರಕೂನ್ರೇನ್ರಿ?” ಎಂದರು. “ಹೌದ್ರಿ, ಅಕ್ಷರ ಭಾಳ ಚಂದ ಅದಾವ,” ಎಂದ ಗೆಳೆಯ. ಈ ಮಾತನ್ನು ಎಷ್ಟು ಸಲ ಮೆಲುಕು ಹಾಕಿದ್ದೇನೆಂದರೆ, ಅವನು ಅದನ್ನು ಆಡಿದ್ದನೋ ಅಥವಾ ಅವನ ಬಾಯಲ್ಲಿ ನಾನೇ ಇಟ್ಟೆನೋ ಎಂದು ಈಗ ಅನುಮಾನ. ಹೋಳಿಗೆಗೆ ತುಪ್ಪ ಅವನಿಗೆ ಮೊದಲು ಬಿತ್ತು, ಅದರಲ್ಲಿ ಅನುಮಾನವಿಲ್ಲ.

ಅಲ್ಲಿಂದ ಬಂದ ವಾರದಲ್ಲಿ ಬೀದರಿನ ಕಚೇರಿಗೆ ಸಲ್ಲಿಸುವ ಅರ್ಜಿ ಸಿದ್ಧವಾಯಿತು. ನಮ್ಮ ಕಡೆ ಅರ್ಜಿಗೆ ಒಂದು ಪದ್ಧತಿ ಇತ್ತು. ಕಾಗದದಲ್ಲಿ ಉರ್ದು; ಅದನ್ನು ಜನರೆದುರು ಕನ್ನಡದಲ್ಲಿ ಓದಿ ಹೇಳಬೇಕು; ಕೇಳಿ ಒಪ್ಪಿದವರು ಹೆಬ್ಬೆಟ್ಟು ಒತ್ತಬೇಕು. ಗೆಳೆಯ ತಗಡಿನ ಕೋಣೆಯಲ್ಲಿ ನಿಂತು ಓದಿದ: “ಮಧ್ಯಾಹ್ನ ಒಂದ್ ತಾಸ್ ಗಿರಣಿ ಬಂದ್ ಇಡಬೇಕಂತ ಕೇಳಿಕೊಳ್ತೇವಿ.” ಮುದುಕಿ ತಲೆಯಾಡಿಸಿದಳು. ಹೆಬ್ಬೆಟ್ಟಿನ ಮಸಿ ಬಟ್ಟೆ ಹಿಡಿದು ಪಕ್ಕದಲ್ಲಿ ಕೂತಿದ್ದ ನನ್ನ ಮುಂದೆ ಕಾಗದ ಬಂತು. ಅದರಲ್ಲಿ ಗಿರಣಿ ನಿಲ್ಲಿಸುವ ಮಾತೇ ಇರಲಿಲ್ಲ. ಗಂಟಲಿನ ಧೂಳು ಇಳಿಯಲು ಪ್ರತಿ ಕೂಲಿಗೆ ದಿನಕ್ಕೊಂದು ಬೆಲ್ಲದ ಉಂಡೆ ಕೊಡಿಸಬೇಕು ಎಂದಿತ್ತು.

ಆ ಕೋಣೆಯಲ್ಲಿ ಉರ್ದು ಓದಬಲ್ಲವರು ನಾವಿಬ್ಬರೇ. ನಾನು ಬಾಯಿ ಬಿಡಲಿಲ್ಲ. ಒಂದೊಂದೇ ಬೆರಳು ಹಿಡಿದು ಒತ್ತಿಸುತ್ತಾ ಹೋದೆ. ಹೆದರಿದ್ದೆ ಎಂದು ಬರೆದರೆ ಗೌರವ ಉಳಿದೀತು, ಆದರೆ ಹೆದರಿರಲಿಲ್ಲ. ಆದೇಶ ಬರಲಿ, ಜನರಿಗೆ ಮೋಸ ಗೊತ್ತಾಗಲಿ, ಆ ಶೇರ್ವಾನಿಯ ಕಾಲರು ಹಿಡಿದು ಎಳೆಯಲಿ, ನಾನು ಕಣ್ಣಾರೆ ನೋಡಬೇಕು ಎಂದು ಕಾದೆ. ಇನ್ನೊಂದು ಸಂಶಯವೂ ಕಾಡುತ್ತದೆ. ಅರ್ಜಿಯ ಚೊಕ್ಕ ಪ್ರತಿ ಬರೆಯುವವನು ಯಾವಾಗಲೂ ನಾನೇ. ಆ ಒಂದು ಸಲ ಮಾತ್ರ ಅವನು ಬರೆದ ಎಂದು ನನ್ನ ನೆನಪು ಹೇಳುತ್ತದೆ. ನನಗೆ ಅನುಕೂಲವಾದ ನೆನಪನ್ನು ನಾನು ಅಷ್ಟಾಗಿ ನಂಬುವುದಿಲ್ಲ.

ಆದೇಶ ಬಂತು, ಬೆಲ್ಲ ಮಂಜೂರಾಗಿತ್ತು. “ತಾಸು ಕೊಡಲಿಲ್ರವ್ವಾ, ಬಡಿದಾಡಿ ಬೆಲ್ಲ ತಂದೇನಿ,” ಎಂದ ಗೆಳೆಯ. ಕಾಲರಿಗೆ ಕೈ ಬೀಳಲಿಲ್ಲ, ಕೊರಳಿಗೆ ಹಾರ ಬಿತ್ತು. ಆ ವರ್ಷವೇ ಅವನು ಬಲ್ದಿಯಾಕ್ಕೂ ಹೋದ.

ಆ ಹಾರವನ್ನು ನನಗೆ ಸಹಿಸಲಾಗಲಿಲ್ಲ. ಹಾರ ಬಿದ್ದ ಮರುದಿನವೇ ಭಾಲ್ಕಿಗೆ ಹೋಗಿ, ಗಿರಣಿಯ ಬಾಗಿಲಲ್ಲಿ ಮುದುಕಿಯನ್ನು ತಡೆದು ಎಲ್ಲವನ್ನೂ ಹೇಳಿದೆ. ನ್ಯಾಯಕ್ಕಾಗಿ ಹೇಳುತ್ತಿದ್ದೇನೆ ಎಂದು ಆಗ ನಂಬಿದ್ದೆ.

“ಬೆರಳ ಹಿಡ್ದು ಒತ್ತಿಸಿದವ್ರು ನೀವೇ ಅಲ್ಲೇನ್ರಿ?” ಎಂದಳು.

“ಹೌದು.”

“ನಿಮಗ ಓದಾಕ ಬರ್ತಿತ್ತಲ್ರಿ?”

ಅವಳು ಬೈಯಲಿಲ್ಲ. “ಹೋಗ್ಲಿ ಬಿಡ್ರಿ. ಈಗ ಇನ್ನೊಂದ್ ಬರ್ದು ಕೊಡ್ರಿ. ಸೊಸಿ ಈ ಹಂಗಾಮ ತಾಳಂಗಿಲ್ಲ. ಎಲ್ಲಾರ ಬೆರಳ ನಾ ಹಾಕಸ್ತೇನಿ.”

ಅರ್ಜಿಗೆ ಸಂಘದ ಮುದ್ರೆ ಬೇಕು, ಅದು ಕಾರ್ಯದರ್ಶಿಯ ಹತ್ತಿರ ಇದೆ ಎಂದೆ. ಹೆಬ್ಬೆಟ್ಟಿದ್ದರೆ ಮುದ್ರೆ ಬೇಕಿರಲಿಲ್ಲ. ಇದು ನನಗೆ ಚೆನ್ನಾಗಿ ಗೊತ್ತಿತ್ತು. ಆದರೆ ತಾಸು ಸಿಕ್ಕರೆ ಕಾರ್ಯದರ್ಶಿಗೆ ಇನ್ನೊಂದು ಹಾರ. ಬರೆದವನ ಹೆಸರು ಯಾರು ಕೇಳುತ್ತಿದ್ದರು?

ಅವಳು ಸೆರಗನ್ನು ಮೂಗಿಗೆ ಬಿಗಿದುಕೊಂಡು ಒಳಗೆ ಹೋದಳು.