ಅಂಗೈಗೆ ಸಿಗುವ ತಿರುಪು

ಅಂಗಡಿಯವನು ನನ್ನ ಎಡಗೈ ನೋಡಿದ, ಆಮೇಲೆ ನಮ್ಮ ಭಾವನ ಮುಖ ನೋಡಿದ. ಅಲ್ಲಿಂದ ಮುಂದೆ ಅವನ ಮಾತೆಲ್ಲ ಭಾವನ ಜೊತೆಗೇ. ಕ್ಯಾಮೆರಾ ಸ್ಟ್ಯಾಂಡಿನ ಮೇಲೆ ಕೂರಿಸುವ ತಲೆ ಬೇಕೆಂದು ಕೇಳಿದವನು ನಾನು, ಕ್ಯಾಮೆರಾ ಹೆಗಲಿಗೆ ಹಾಕಿಕೊಂಡು ನಿಂತವನು ನಾನು. ಆದರೂ ಚಿಕ್ಕಪೇಟೆಯ ಆ ಇಕ್ಕಟ್ಟಿನ ಅಂಗಡಿಯಲ್ಲಿ ನಾನು ಇರಲೇ ಇಲ್ಲವೇನೋ ಅನ್ನುವ ಹಾಗೆ ಅವನು, "ಸಾರ್, ಅವ್ರಿಗೆ ಬಾಲ್ ಹೆಡ್ ಆಗಲ್ಲ ಸಾರ್. ಜಾರುತ್ತೆ. ಮೂರು ಹ್ಯಾಂಡ್ಲಿಂದೇ ಕೊಡ್ತೀನಿ, ನೀವು ಹಿಡ್ಕೊಂಡ್ರೆ ಆಯ್ತು" ಅಂದ.

ಮೈಯೆಲ್ಲ ಉರಿದುಹೋಯಿತು. ಮೂರು ಹಿಡಿಕೆಯ ತಲೆ ಬೇಡವೆಂದೇ ನಾನು ದಾಸರಹಳ್ಳಿಯಿಂದ ಬಸ್ಸಿನಲ್ಲಿ ನೇತಾಡಿಕೊಂಡು ಬಂದಿದ್ದೆ.

ಪೀಣ್ಯದ ಒಂದು ಕಾರ್ಖಾನೆಯಲ್ಲಿ ತಗಡು ಕತ್ತರಿಸುವ ಪವರ್ ಪ್ರೆಸ್ಸಿಗೆ ಸಿಕ್ಕಿ ನನ್ನ ಎಡಗೈಯ ನಾಲ್ಕೂ ಬೆರಳು ಹೋಗಿದ್ದವು. ಹೆಬ್ಬೆರಳು ಮತ್ತು ಅಂಗೈ ಉಳಿದಿದ್ದವು. ಕೆಲಸ ಹೋದ ಮೇಲೆ ಅಕ್ಕನ ಗಂಡ, ಅಂದರೆ ಇದೇ ಭಾವ, ದಾಸರಹಳ್ಳಿಯ ತಮ್ಮ ಫೋಟೋ ಸ್ಟುಡಿಯೋಗೆ ನನ್ನನ್ನು ಸೇರಿಸಿಕೊಂಡರು. ಅವರ ಋಣ ನನ್ನ ಮೇಲಿದೆ, ಇಲ್ಲ ಅನ್ನುವುದಿಲ್ಲ. ಕ್ಯಾಮೆರಾ ಕಲಿಸಿದವರೂ ಅವರೇ. ಕಲಿತ ಮೇಲೆ ಅವರಿಗಿಂತ ಚೆನ್ನಾಗಿ ತೆಗೆಯುತ್ತಿದ್ದೆ. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವೂ ಇಲ್ಲ.

ಸ್ಟುಡಿಯೋ ಒಳಗೆ ತೊಂದರೆ ಇರಲಿಲ್ಲ. ಕ್ಯಾಮೆರಾ ಒಂದೇ ಕಡೆ ನಿಂತಿರುತ್ತಿತ್ತು, ಜನ ಬಂದು ಸ್ಟೂಲಿನ ಮೇಲೆ ಕೂರುತ್ತಿದ್ದರು. ತೊಂದರೆ ಇದ್ದದ್ದು ಹೊರಗಿನ ಕೆಲಸದಲ್ಲಿ. ಕಾರ್ಖಾನೆಯವರು ಮಿಷಿನ್ನಿನ ಫೋಟೋಗೆ ಕರೆಯುತ್ತಿದ್ದರು, ಕಾರ್ಮಿಕರ ಗ್ರೂಪ್ ಫೋಟೋಗೆ ಕರೆಯುತ್ತಿದ್ದರು. ನಮ್ಮ ಹಳೆಯ ಸ್ಟ್ಯಾಂಡಿನ ತಲೆಗೆ ಮೂರು ಹಿಡಿಕೆ: ಮೇಲೆ ಕೆಳಗೆ ಒಂದು, ಅಕ್ಕಪಕ್ಕ ಒಂದು, ಓರೆ ಮಾಡಲು ಇನ್ನೊಂದು. ಹಿಡಿಕೆ ಸಣ್ಣದು, ಬೆರಳಿಲ್ಲದ ಕೈಗೆ ಸಿಗುವುದಿಲ್ಲ. ಬಲಗೈಯಲ್ಲಿ ಸಡಿಲ ಮಾಡಿದರೆ ಕ್ಯಾಮೆರಾ ಹಿಡಿಯಲು ಕೈಯಿಲ್ಲ. ಅದು ನಿದ್ದೆ ಬಂದವರ ಹಾಗೆ ಮುಂದಕ್ಕೆ ತೂಕಡಿಸಿ ಬೀಳುತ್ತಿತ್ತು. ಹಾಗಾಗಿ ಹೋದಲ್ಲೆಲ್ಲ ಭಾವ ಜೊತೆಗೆ. ನಾನು ಹೇಳಬೇಕು, ಅವರು ತಿರುಗಿಸಬೇಕು. ತಿರುಗಿಸುವವರ ಕೈ ಅವರದ್ದಾದ ಮೇಲೆ ಕ್ಯಾಮೆರಾ ಎಲ್ಲಿ ನೋಡಬೇಕೆನ್ನುವುದೂ ಅವರದ್ದೇ ಆಗುತ್ತಿತ್ತು.

ಅದನ್ನಾದರೂ ಸಹಿಸಬಹುದಿತ್ತು. ಭಾವ ಪ್ರತಿ ಕಾರ್ಖಾನೆಯ ಆಫೀಸಿನಲ್ಲೂ ನನ್ನನ್ನು ಮುಂದೆ ನಿಲ್ಲಿಸಿ, "ನಮ್ ಹುಡ್ಗ ಸಾರ್, ಪ್ರೆಸ್ಸಲ್ಲಿ ಕೈ ಹೋಯ್ತು, ಪಾಪ" ಅನ್ನುತ್ತಿದ್ದರು. ಒಳಗಿನವರೂ "ಅಯ್ಯೋ ಪಾಪ" ಅನ್ನುತ್ತಿದ್ದರು, ಕೆಲಸ ಕೊಡುತ್ತಿದ್ದರು. ನಾನು ತೆಗೆದ ಫೋಟೋ ನೋಡಿ ಕೊಟ್ಟವರು ಒಬ್ಬರೂ ಇಲ್ಲ. ನನ್ನ ಕೈಯೇ ನಮ್ಮ ಸ್ಟುಡಿಯೋದ ಬೋರ್ಡು.

ನಮ್ಮ ಭಾಷೆಯಲ್ಲಿ ಮಾಡಬಾರದ್ದನ್ನು ಮಾಡಿದರೆ ಅದು ಪಾಪ, ಆಗಬಾರದ್ದು ಆದವನೂ ಪಾಪ. ಮಾಡಿದವರಿಗೂ ಅನುಭವಿಸಿದವರಿಗೂ ಒಂದೇ ಮಾತು. ಆ ಮಾತಿನ ಮೇಲೆ ನನಗಿದ್ದ ಸಿಟ್ಟು ಪ್ರೆಸ್ಸಿನ ಮೇಲೂ ಇರಲಿಲ್ಲ. ಕಾರ್ಖಾನೆಯವರ ಬಾಯಲ್ಲಿ ಅದನ್ನು ಕೇಳಿದಾಗಲೆಲ್ಲ, ಯಾವ ಪಾಪ ಸಾರ್, ಯಾರದ್ದು ಅಂತ ಕೇಳಬೇಕೆನಿಸುತ್ತಿತ್ತು. ಕೇಳದೆ ಕ್ಯಾಮೆರಾ ಚೀಲ ಬಿಚ್ಚುತ್ತಿದ್ದೆ.

ಒಂದು ಸಲ ಬೊಂಬಾಯಿಯಿಂದ ಬಂದ ಫೋಟೋಗ್ರಾಫರ್ ಒಬ್ಬ ಲೇಥ್ ಮಿಷಿನ್ನಿನ ಫೋಟೋ ತೆಗೆಯುವುದನ್ನು ನೋಡಿದೆ. ಅವನ ಸ್ಟ್ಯಾಂಡಿನ ಮೇಲೆ ಹಿಡಿಕೆಗಳೇ ಇರಲಿಲ್ಲ. ಬಾಲ್ ಹೆಡ್ ಅಂದರೆ ಅದೇ: ಬಟ್ಟಲಿನಲ್ಲಿ ಕೂತ ಒಂದು ಉಕ್ಕಿನ ಗುಂಡು, ಪಕ್ಕದಲ್ಲಿ ಒಂದು ತಿರುಪು. ಸಡಿಲಿಸಿದರೆ ಕ್ಯಾಮೆರಾ ಎತ್ತ ಬೇಕಾದರೂ ಹೊರಳುತ್ತದೆ, ಬಿಗಿದರೆ ಅಲ್ಲೇ ನಿಲ್ಲುತ್ತದೆ. ಆ ತಿರುಪು ದೊಡ್ಡದಿದ್ದು ಎಡಗಡೆಗೆ ಬಂದರೆ ನನ್ನ ಅಂಗೈಗೆ ಸಿಗುತ್ತದೆ, ಬಲಗೈ ಕ್ಯಾಮೆರಾ ಹಿಡಿಯುತ್ತದೆ, ನಾನೊಬ್ಬನೇ ಸಾಕು. ಅವತ್ತಿನಿಂದ ಅದೇ ಗುಂಗು.

ಚಿಕ್ಕಪೇಟೆಯವನ ಹತ್ತಿರ ಅಂಥವು ಎರಡು ಇದ್ದವು. ಒಂದು ಹೊಸದು, ಸಣ್ಣದು, ಫಳಫಳ ಅನ್ನುತ್ತಿತ್ತು. ಇನ್ನೊಂದು ಯಾರೋ ಬಳಸಿ ಬಿಟ್ಟದ್ದು, ಕರಿ ಬಣ್ಣ ಅಲ್ಲಲ್ಲಿ ಸವೆದಿತ್ತು. ನನ್ನ ಕ್ಯಾಮೆರಾ ಕೂರಿಸಿ ನೋಡುತ್ತೇನೆ ಅಂದೆ. ಅಂಗಡಿಯವನು ಮತ್ತೆ ಭಾವನ ಕಡೆ ತಿರುಗಿ, "ಬಿದ್ರೆ ಯಾರ್ ಸಾರ್ ಜವಾಬ್ದಾರಿ?" ಅಂದ.

"ಬೀಳೋದು ನನ್ ಕ್ಯಾಮೆರಾ ಕಣ್ರೀ. ನಿಮಗ್ಯಾಕೆ ಚಿಂತೆ? ನನ್ ಮುಖ ನೋಡಿ ಮಾತಾಡಿ" ಅಂದೆ.

ಭಾವ ಮೆಲ್ಲಗೆ, "ಪಾಪ, ನೋಡ್ಲಿ ಬಿಡ್ರಿ" ಅಂದರು.

ಅಂಗಡಿ ಬಿಟ್ಟು ಹೊರಟುಬಿಡಬೇಕು ಅನ್ನಿಸಿತು. ಹೊರಟರೆ ಕೈ ಖಾಲಿ. ಸಿಟ್ಟು ನುಂಗಿಕೊಂಡು ಮೊದಲು ಹೊಸದರ ಮೇಲೆ ಕ್ಯಾಮೆರಾ ಕೂರಿಸಿದೆ. ಅದರ ತಿರುಪು ಕಡಲೆಕಾಳಿಗಿಂತ ಸ್ವಲ್ಪ ದೊಡ್ಡದು, ಅಂಗೈ ಒತ್ತಿದರೆ ಜಾರುತ್ತಿತ್ತು. ಬಲಗೈಯಿಂದಲೇ ಬಿಗಿದು ಓರೆಯಾಗಿ ಬಿಟ್ಟೆ. ಲೆನ್ಸು ನಿಧಾನವಾಗಿ, ತಪ್ಪು ಮಾಡಿ ಸಿಕ್ಕಿಬಿದ್ದವನ ಹಾಗೆ ನೆಲ ನೋಡತೊಡಗಿತು. ಅಂಗಡಿಯವನು ನೋಡಿ ನಕ್ಕ.

ಹಳೆಯದರ ತಿರುಪು ನಿಂಬೆಹಣ್ಣಿನಷ್ಟಿತ್ತು, ಸುತ್ತ ಹಲ್ಲು ಹಲ್ಲು. ಹೆಬ್ಬೆರಳನ್ನು ಒಂದು ಕಡೆ ಆನಿಸಿ ಅಂಗೈಯಿಂದ ತಳ್ಳಿದೆ. ತಿರುಗಿತು. ಅದರಲ್ಲಿ ಇನ್ನೊಂದು ಪುಟ್ಟ ತಿರುಪೂ ಇತ್ತು. ಅದನ್ನು ಸ್ವಲ್ಪ ಬಿಗಿ ಮಾಡಿದರೆ, ದೊಡ್ಡದನ್ನು ಸಡಿಲಿಸಿದಾಗಲೂ ಗುಂಡು ದಡಕ್ಕನೆ ಬೀಳದೆ, ಗತ್ತಿನಿಂದ, ತಳ್ಳಿದಷ್ಟೇ ಹೊರಳುತ್ತಿತ್ತು. ಕ್ಯಾಮೆರಾವನ್ನು ಪೂರ್ತಿ ಮಗ್ಗುಲಿಗೆ ಮಲಗಿಸಿ ಬಿಗಿದು, ಎರಡೂ ಕೈ ಬಿಟ್ಟು ನಿಂತೆ. ಬೀದಿಯಲ್ಲಿ ಲಾರಿ ಹೋಗಿ ಗಾಜಿನ ಬೀರು ನಡುಗಿತು, ಲೆನ್ಸು ಅಲುಗಲಿಲ್ಲ. ನನಗೆ ಅಳುವೇ ಬಂದಿತ್ತು. ಅವರಿಬ್ಬರ ಮುಂದೆ ಅತ್ತು ಅವರ ಮಾತಿಗೆ ಇನ್ನಷ್ಟು ದಾರಿ ಮಾಡಿಕೊಡಲು ಮನಸ್ಸಿರಲಿಲ್ಲ.

ಹಳೆಯದನ್ನೇ ಕೊಂಡು ಹೊರಗೆ ಬಂದ ಮೇಲೆ ಭಾವ, "ನಾನಿದೀನಲ್ಲೋ ಹಿಡ್ಕೊಳ್ಳೋಕೆ. ನಿನ್ನ ಗುಂಡು ತಲೆ ಒಂದು ಸಾಲ್ದು ಅಂತ ಇದೂ ಬೇಕಿತ್ತಾ?" ಅಂದು ತಮ್ಮ ಮಾತಿಗೆ ತಾವೇ ನಕ್ಕರು. ನಾನು ಚೀಲವನ್ನು ಎದೆಗವಚಿಕೊಂಡು ಬಸ್ ಸ್ಟಾಪಿಗೆ ನಡೆದೆ.

ಆಯುಧಪೂಜೆ ಬಂತು. ಪೀಣ್ಯದಲ್ಲಿ ಅವತ್ತು ಎಲ್ಲ ಕಾರ್ಖಾನೆಗಳಿಗೂ ಒಟ್ಟಿಗೇ ಗ್ರೂಪ್ ಫೋಟೋ ಬೇಕು. ಹಿಂದೆಲ್ಲ ನಾವಿಬ್ಬರೂ ಒಂದೇ ಕಡೆ ಹೋಗಿ ಉಳಿದವರಿಗೆ ಆಗಲ್ಲ ಅನ್ನುತ್ತಿದ್ದೆವು. ಆ ವರ್ಷ ಭಾವ ಒಂದು ಕಡೆ ಹೋದರು, ನಾನು ಒಬ್ಬನೇ ಇನ್ನೊಂದು ಕಡೆ ಹೋದೆ. ನನ್ನ ಪಾಲಿಗೆ ಬಂದದ್ದು ನನ್ನ ಬೆರಳು ತಿಂದ ಕಾರ್ಖಾನೆ. ಭಾವ ಬೇಡ ಅಂದಿದ್ದರು, ನಾನೇ ಹೋಗುತ್ತೇನೆ ಅಂದೆ.

ಮ್ಯಾನೇಜರ್ ಅದೇ ಹಳಬ. ರೇಷ್ಮೆ ಪಂಚೆಯಲ್ಲಿದ್ದ. "ಏನಪ್ಪಾ, ಒಬ್ನೇ ಬಂದ್ಬಿಟ್ಟಿದೀಯಾ? ಪಾಪ, ಯಾರು ಹಿಡ್ಕೋತಾರೆ?"

"ಯಾರೂ ಬೇಡ ಸಾರ್" ಅಂದೆ.

ಪೂಜೆ ಮುಗಿದಿತ್ತು. ಬೂದುಗುಂಬಳ ಒಡೆದು ಬಾಗಿಲೆಲ್ಲ ಕುಂಕುಮದ ನೀರು. ಹೊಸ ಬಟ್ಟೆ ಹಾಕಿಕೊಂಡ ಕಾರ್ಮಿಕರನ್ನೆಲ್ಲ ಮ್ಯಾನೇಜರ್ ಬಾಳೆಕಂದು ಕಟ್ಟಿದ್ದ ದೊಡ್ಡ ಪ್ರೆಸ್ಸಿನ ಎರಡೂ ಪಕ್ಕಕ್ಕೆ ನಿಲ್ಲಿಸಿ, ಮುಂದೆ ತಾನು ನಿಂತ. ನಾನು ಗುಂಡು ಸಡಿಲಿಸಿ, ಕ್ಯಾಮೆರಾ ಒಳಗಿಂದ ನೋಡುತ್ತ ಒಂದು ಪಕ್ಕದಿಂದ ಇನ್ನೊಂದು ಪಕ್ಕಕ್ಕೆ ಬಂದೆ. ಚೆಂಡುಹೂವಿನ ಹಾರದ ನಡುವೆ ಎಡಗಡೆಯ ಬಟನ್ ಕಂಡಿತು. ಅದರ ಮೇಲೆ ಒಂದು ಮರದ ಚಕ್ಕೆ ಸಿಕ್ಕಿಸಿ ಒತ್ತಿ ನಿಲ್ಲಿಸಿದ್ದರು. ಚಕ್ಕೆಗೂ ಕುಂಕುಮ ಇಟ್ಟಿದ್ದರು.

ಆ ಪ್ರೆಸ್ಸಿಗೆ ಎರಡು ಬಟನ್. ಎರಡು ಕೈಯಿಂದ ಎರಡನ್ನೂ ಒತ್ತಿದರಷ್ಟೇ ಅಚ್ಚು ಕೆಳಗಿಳಿಯಬೇಕು. ಕೈಗಳು ಹೊರಗೆ ಉಳಿಯಲಿ ಅಂತಲೇ ಆ ಏರ್ಪಾಡು. ಒಂದಕ್ಕೆ ಚಕ್ಕೆ ಹೊಡೆದರೆ ಬಲಗೈ ಒಂದೇ ಮಿಷಿನ್ ನಡೆಸುತ್ತದೆ, ಎಡಗೈ ತಗಡು ತಳ್ಳುತ್ತಿರಬಹುದು, ಮಾಲು ಬೇಗ ಬೀಳುತ್ತದೆ. ನಾನು ಸೇರಿದಾಗ ಆ ಚಕ್ಕೆ ಆಗಲೇ ಅಲ್ಲಿತ್ತು. ನನಗೂ ಹಾಗೇ ಕಲಿಸಿದರು. ಬೆರಳು ಹೋದ ದಿನ ಮಾತ್ರ ಆ ಚಕ್ಕೆಯನ್ನು ಯಾರೂ ಕಂಡೇ ಇರಲಿಲ್ಲವಂತೆ. ಹುಡುಗ ಮೈಮರೆತ ಅಂದಿದ್ದ ಇದೇ ಮ್ಯಾನೇಜರ್.

ಗುಂಡನ್ನು ಬಿಗಿದೆ. "ಸಾರ್, ಆ ಚಕ್ಕೆ ತೆಗೆಸಿ. ಆಮೇಲೆ ಫೋಟೋ" ಅಂದೆ.

ಅವನಿಗೆ ಅರ್ಥವಾಯಿತು. ಮುಖದ ನಗು ಹಾಗೇ ಇಟ್ಟುಕೊಂಡು, "ಪೂಜೆ ಆಗಿರೋ ಮಿಷಿನ್ನಪ್ಪ. ಇವತ್ತು ಮುಟ್ಟಂಗಿಲ್ಲ" ಅಂದ.

"ಹಂಗಾದ್ರೆ ನಾನೂ ಮುಟ್ಟಂಗಿಲ್ಲ. ಈ ಕ್ಯಾಮೆರಾಗೂ ಬೆಳಿಗ್ಗೆ ಪೂಜೆ ಆಗಿದೆ."

ಆ ಪ್ರೆಸ್ಸು ನಡೆಸುತ್ತಿದ್ದವನು ಸಾಲಿನಿಂದ ಬಾಗಿ, "ಬೇಡಣ್ಣ, ನಂಗೆ ತೊಂದ್ರೆ ಆಯ್ತದೆ" ಅಂದ. ಅವನ ಮೇಲೂ ಸಿಟ್ಟು ಬಂತು. ಅವನ ಎರಡೂ ಕೈ ನೆಟ್ಟಗಿದ್ದವು, ಆ ಕೈಗಳನ್ನೇ ಮುಗಿದು ಬೇಡಿಕೊಳ್ಳುತ್ತಿದ್ದ. ನಾನು ಕ್ಯಾಮೆರಾ ಬಿಟ್ಟು ಕೈಕಟ್ಟಿ ನಿಂತೆ. ಭಾವ ಇದ್ದಿದ್ದರೆ ಇಷ್ಟು ಹೊತ್ತಿಗೆ ನಗುನಗುತ್ತ ಬಂದು ಒತ್ತಿ ಮುಗಿಸಿಬಿಡುತ್ತಿದ್ದರು. ಅವತ್ತು ನಾನು ಒತ್ತದಿದ್ದರೆ ಫೋಟೋ ಇರಲಿಲ್ಲ.

ಕೊನೆಗೆ ಮ್ಯಾನೇಜರ್ ತಾನೇ ಹಾರ ಸರಿಸಿ ಚಕ್ಕೆ ಕಿತ್ತ. ಎಸೆಯಲು ಜಾಗ ತೋಚದೆ ಅದನ್ನು ಬೆನ್ನ ಹಿಂದೆ ಹಿಡಿದುಕೊಂಡು ಬಂದು ನಿಂತ. ನಾನು ಒತ್ತಿದೆ. ಆ ಗ್ರೂಪ್ ಫೋಟೋದಲ್ಲಿ ಅವನ ಬಲಗೈ ಕಾಣುವುದಿಲ್ಲ.

ಸುದ್ದಿ ನನಗಿಂತ ಮೊದಲೇ ಸ್ಟುಡಿಯೋ ಮುಟ್ಟಿತ್ತು. ಆ ಕಾರ್ಖಾನೆಯವರು ಇನ್ನು ಕರೆಯುವುದಿಲ್ಲ ಅಂದಿದ್ದರು. ಭಾವ ಬಾಯಿಗೆ ಬಂದಂತೆ ಬೈದರು. ನಾಳೆ ಬೆಳಿಗ್ಗೆ ಇನ್ನೊಂದು ಚಕ್ಕೆ ಹೊಡೆಯುತ್ತಾರೆ, ನೀನೇನು ಕಿಸಿದೆ ಅಂದರು. ಹೊಡೆಯುತ್ತಾರೆ, ನನಗೂ ಗೊತ್ತಿತ್ತು. ಇನ್ನು ಮೇಲೆ ಚಕ್ಕೆ ಕಂಡಿರಲಿಲ್ಲ ಅಂತ ಅಲ್ಲಿ ಯಾರೂ ಅನ್ನುವ ಹಾಗಿರಲಿಲ್ಲ, ಅಷ್ಟೇ.

ಬೈದು ಸುಸ್ತಾದ ಮೇಲೆ ಭಾವ, "ನಾನು ಬಂದಿದ್ರೆ ಹಿಂಗಾಗ್ತಿರ್ಲಿಲ್ಲ ಕಣೋ" ಅಂದರು.

"ಹೌದು ಭಾವ," ಅಂದೆ, "ಆಗ್ತಿರ್ಲಿಲ್ಲ."